ಸೀಲ್ ಸಾಹೇಬರ ಹೊಟ್ಟೆಯ ತನಿಖೆ

ನಮ್ಮ ನಗರಸಭೆಯಲ್ಲಿ ಮಾಂಸ ತಪಾಸಕರ ಹುದ್ದೆ ಮೂರಿದ್ದರೂ ಕೆಲಸ ಮಾಡುತ್ತಿದ್ದವರು ಒಬ್ಬರೇ. ಒಂದು ಹುದ್ದೆ ಹುಟ್ಟಿದಾಗಿನಿಂದ ಖಾಲಿ. ಇನ್ನೊಂದರಲ್ಲಿದ್ದವರು ನಿವೃತ್ತರಾದ ಮಾರನೇ ದಿನವೇ ಅವರ ಕುರ್ಚಿಯನ್ನು ತೆರಿಗೆ ವಿಭಾಗದವರು ಹೊತ್ತುಕೊಂಡು ಹೋದರು. ಕುರ್ಚಿಯೇ ಇಲ್ಲದ ಮೇಲೆ ಮನುಷ್ಯನನ್ನು ಎಲ್ಲಿ ಕೂರಿಸುವುದು ಎಂದು ಆ ಹುದ್ದೆಯೂ ಹಾಗೇ ಉಳಿಯಿತು. ಹಾಗಾಗಿ ಕಸಾಯಿಖಾನೆಯಿಂದ ಹೊರಬೀಳುವ ಪ್ರತಿ ದನದ ತೊಡೆಯ ಮೇಲೂ ಭುಜದ ಮೇಲೂ ಬೀಳುತ್ತಿದ್ದದ್ದು ಈ ಒಬ್ಬರ ಕೈಯ ನೇರಳೆ ಮುದ್ರೆ: ‘ಪರೀಕ್ಷಿಸಿದೆ, ತಿನ್ನಲು ಯೋಗ್ಯ’. ಊರವರಿಗೆಲ್ಲ ಅವರು ಸೀಲ್ ಸಾಹೇಬರು. ಬಲಗೈ ಬೆರಳುಗಳ ಸಂದಿಯಲ್ಲಿ ಹತ್ತಿದ ಆ ನೇರಳೆ ಬಣ್ಣ ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ.

ನಾನು ಅದೇ ಆರೋಗ್ಯ ವಿಭಾಗದ ಟಪಾಲು ಗುಮಾಸ್ತೆ. ಬಂದ ಕಾಗದಕ್ಕೆ ನಂಬರು ಹಾಕುತ್ತೇನೆ, ಹೋಗುವ ಕಾಗದಕ್ಕೆ ನಂಬರು ಹಾಕುತ್ತೇನೆ, ನಡುವೆ ಏನಾಯಿತು ಅಂತ ಕೇಳುವ ಹಕ್ಕು ನನಗಿಲ್ಲ. ಈ ಪ್ರಕರಣದಲ್ಲಿ ಮಾತ್ರ ನಾನು ಸಾಕ್ಷಿಯಾಗಬೇಕಾಯಿತು. ಅದರ ಜೊತೆಗೆ ಸಾಹೇಬರ ಹೆಂಡತಿ ಬಟ್ಟೆ ಹೊಲಿಯುವವರು, ನನ್ನ ರವಿಕೆಗಳನ್ನೆಲ್ಲ ಹೊಲಿದುಕೊಡುವವರೂ ಅವರೇ. ಆದ್ದರಿಂದ ಕಚೇರಿಯಲ್ಲಿ ನಡೆದದ್ದನ್ನು ಕಣ್ಣಾರೆ ಕಂಡೆ, ಮನೆಯಲ್ಲಿ ನಡೆದದ್ದನ್ನು ಅಳತೆ ಕೊಡಲು ಹೋದಾಗ ಕೇಳಿ ತಿಳಿದೆ.

ಮೊದಲು ಕಂಡದ್ದು ಹೆಂಡತಿಗೆ. ಒಂದು ಶನಿವಾರ ಬೆಳಗ್ಗೆ ಒಗೆಯಲು ಬಟ್ಟೆ ಬೇರೆ ಮಾಡುತ್ತಿದ್ದಾಗ ಗಂಡನ ಪಾಯಿಜಾಮದ ಒಳಗೆ ಬಿಳೀ ಲಾಡಿಯ ಚೂರೊಂದು ಅಂಟಿಕೊಂಡಿತ್ತು. ಬೆರಳಿನ ಉಗುರಿನಷ್ಟು ಉದ್ದ, ಚಪ್ಪಟೆ. ದಿನವಿಡೀ ಪಾಯಿಜಾಮಕ್ಕೂ ಲಂಗಕ್ಕೂ ಲಾಡಿ ಪೋಣಿಸುವವರಿಗೆ ಅದೇನು ದೊಡ್ಡ ವಿಷಯ? ಕತ್ತರಿಸಿ ಬಿದ್ದ ಚೂರು ಇರಬೇಕೆಂದು ಕಿತ್ತು ಹೊಲಿಗೆ ಮಿಷಿನ್ನಿನ ಹಲಗೆಯ ಮೇಲೆ ಹಾಕಿದರು. ಬಾಬಿನ್ ಬದಲಿಸಿ ತಿರುಗಿ ನೋಡುವಷ್ಟರಲ್ಲಿ ಲಾಡಿ ಕತ್ತರಿಯ ಹತ್ತಿರಕ್ಕೆ ಹೋಗಿತ್ತು. ಫ್ಯಾನ್ ಗಾಳಿಗೆ ಇರಬಹುದು ಎಂದು ಫ್ಯಾನ್ ಆರಿಸಿದರು. ಲಾಡಿ ಒಮ್ಮೆ ಮುದುಡಿ, ಒಮ್ಮೆ ಉದ್ದವಾಗಿ, ಕತ್ತರಿಯನ್ನು ದಾಟಿ ಸೂಜಿಡಬ್ಬಿಯ ಕಡೆಗೆ ಹೊರಟಿತು.

ಅವರು ಗಂಡನನ್ನು ಕರೆದರು. ಸಾಹೇಬರು ಬಂದು ಕನ್ನಡಕ ಹಾಕಿಕೊಂಡು ನೋಡಿದರು, ಮುಖ ಬಿಳಿಚಿಕೊಂಡಿತು. ಅದನ್ನು ಉಪ್ಪಿನ ಸಣ್ಣ ಶೀಶೆಗೆ ಹಾಕಿ, ಮುಚ್ಚಳ ಬಿಗಿದು, ಅಂಗಿ ತೊಟ್ಟು ಹೊರಟೇಬಿಟ್ಟರು. ಉಪ್ಪನ್ನು ಎಲ್ಲಿ ಸುರಿದಿರಿ ಅಂತ ಹೆಂಡತಿ ಕೂಗುತ್ತ ಬಾಗಿಲ ತನಕ ಹೋದರು.

ನಗರಸಭೆ ದವಾಖಾನೆಯ ಡಾಕ್ಟರಮ್ಮನ ಮುಂದೆ ಶೀಶೆ ಇಟ್ಟು, ಇದು ಒಬ್ಬ ನಾಗರಿಕರಿಗೆ ಬಂದಿದೆ, ಅವರು ತುಂಬ ಸಂಕೋಚದ ಮನುಷ್ಯ, ಅದಕ್ಕೇ ನಾನು ತಂದೆ ಎಂದರು. ಡಾಕ್ಟರಮ್ಮ ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿದರು. ಸಾಹೇಬರನ್ನೂ ನೋಡಿದರು.

“ಆ ನಾಗರಿಕರು ಅಂಗಿ ಮೇಲೆತ್ತಿ ಆ ಮಂಚದ ಮೇಲೆ ಮಲಗಲಿ,” ಎಂದರು.

ಲಾಡಿಹುಳು. ಹಸಿಯಾಗಿ ಉಳಿದ, ಸರಿಯಾಗಿ ಬೇಯದ ಮಾಂಸದಿಂದ ಬರುವುದು. ದನದ ಮಾಂಸಖಂಡದ ಒಳಗೆ ಅಕ್ಕಿಕಾಳಿನಂಥ ಗುಳ್ಳೆಯಾಗಿ ಕೂತಿರುತ್ತದೆ, ಅದನ್ನು ತಿಂದವರ ಕರುಳಿಗೆ ತಲೆ ಕಚ್ಚಿಕೊಂಡು ಮೀಟರುಗಟ್ಟಲೆ ಬೆಳೆಯುತ್ತದೆ. ಹೊಟ್ಟೆನೋವು ಅಷ್ಟಕ್ಕಷ್ಟೆ, ಹಸಿವು ಹೆಚ್ಚೂಕಡಿಮೆ, ಆಗೀಗ ಒಂದೊಂದು ತುಂಡು ತಾನಾಗಿಯೇ ಕಳಚಿಕೊಂಡು ಹೊರಗೆ ನಡೆದು ಬರುತ್ತದೆ. ಇದೆಲ್ಲ ಡಾಕ್ಟರಮ್ಮ ಹೇಳಬೇಕಾದದ್ದೇ ಇರಲಿಲ್ಲ. ಇಪ್ಪತ್ತಾರು ವರ್ಷದಿಂದ ಸಾಹೇಬರು ಪ್ರತಿ ದನದ ದವಡೆಗೆ ಎರಡು ಗೀರು, ನಾಲಿಗೆಗೆ ಒಂದು, ಹೃದಯಕ್ಕೆ ಒಂದು ಗೀರು ಹಾಕಿ ಹುಡುಕುತ್ತಿದ್ದದ್ದು ಆ ಅಕ್ಕಿಕಾಳನ್ನೇ. ಕಾಳಿನ ಗುರುತು ಅವರಿಗೆ ಚೆನ್ನಾಗಿತ್ತು. ಪೈರನ್ನು ನೋಡಿದ್ದು ಅವತ್ತೇ ಮೊದಲು.

ಡಾಕ್ಟರಮ್ಮ ಒಂದೇ ಮಾತ್ರೆ ಕೊಟ್ಟರು, ಅಲ್ಲಿಗೆ ಮುಗಿಯಿತು ಅಂದರು. ಹಾಗೆಯೇ ನಿಯಮದ ಪ್ರಕಾರ ಒಂದು ಹಳದಿ ನಮೂನೆ ತುಂಬಿಸಿ ಆರೋಗ್ಯ ವಿಭಾಗಕ್ಕೆ ಕಳಿಸಿದರು.

ಅದು ಬಂದು ಬಿದ್ದದ್ದು ನನ್ನ ಟ್ರೇಗೆ. ನಂಬರು ಹಾಕಿ ಆರೋಗ್ಯಾಧಿಕಾರಿಯ ಮೇಜಿಗೆ ಒಯ್ದೆ. ನಮ್ಮ ಅಧಿಕಾರಿ ನಿಯಮದ ಪುಸ್ತಕವನ್ನು ಊಟದ ಡಬ್ಬಿಯ ಜೊತೆಗೇ ಚೀಲದಲ್ಲಿಟ್ಟುಕೊಂಡು ಓಡಾಡುವವರು. ಪುಟ ತಿರುವಿ ನೋಡಿದರು. ಮಾಂಸದಿಂದ ಬಂದ ಹುಳುವಿನ ಪ್ರತಿ ಪ್ರಕರಣವನ್ನೂ ಮಾಂಸ ತಪಾಸಕರು ತನಿಖೆ ಮಾಡಿ ವರದಿ ಕೊಡತಕ್ಕದ್ದು. ರೋಗಿಯೇ ಮಾಂಸ ತಪಾಸಕರಾದರೆ ಮಾಡಕೂಡದು ಎಂದು ಎಲ್ಲೂ ಇರಲಿಲ್ಲ. ಸಾಹೇಬರನ್ನು ಕರೆಸಿ, ನಿಮ್ಮ ಮೇಲೆ ನೀವೇ ತನಿಖೆ ಮಾಡಬೇಕಾಗುತ್ತದೆ, ಪಕ್ಷಪಾತ ಇಲ್ಲದೆ ಮಾಡಿ ಎಂದರು. ಮಾತ್ರೆ ನುಂಗಿದಿರಾ ಅಂತ ಕೇಳಿದರು. ಇನ್ನೂ ಇಲ್ಲ, ನಾಳೆ ಬೆಳಗ್ಗೆ ಎಂದರು ಸಾಹೇಬರು. ಅಧಿಕಾರಿ ಇನ್ನೊಂದು ಪುಟ ತಿರುವಿದರು. ತನಿಖೆ ಮುಗಿಯುವ ತನಕ ಸಾಕ್ಷ್ಯವನ್ನು ನಾಶ ಮಾಡಕೂಡದು ಎಂದಿತ್ತು.

ಇದನ್ನು ಡಾಕ್ಟರಮ್ಮ ಕೇಳಿದ್ದರೆ ಪುಸ್ತಕವನ್ನೇ ಕಿತ್ತೆಸೆಯುತ್ತಿದ್ದರು. ಅವರಿಗೆ ಯಾರೂ ಹೇಳಲಿಲ್ಲ. ಸಾಹೇಬರು ಮಾತ್ರೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಸಾಕ್ಷ್ಯವನ್ನು ಹೊಟ್ಟೆಯಲ್ಲಿಟ್ಟುಕೊಂಡು, ತನಿಖೆ ಶುರು ಮಾಡಿದರು.

ವಿಚಾರಣೆ ಕಡತಗಳ ಕೋಣೆಯಲ್ಲಿ. ಒಂದು ಮೇಜು, ಆಚೆಗೊಂದು ಈಚೆಗೊಂದು ಕುರ್ಚಿ, ಪಕ್ಕದ ಸ್ಟೂಲಿನಲ್ಲಿ ಸಾಕ್ಷಿಯಾಗಿ, ಬರೆದುಕೊಳ್ಳುವವಳಾಗಿ ನಾನು. ಸಾಹೇಬರು ಮೇಜಿನ ಹಿಂದೆ ಕೂತು ಮೊದಲ ಪ್ರಶ್ನೆ ಕೇಳಿದರು: ನಿಮ್ಮ ಉದ್ಯೋಗವೇನು? ಎದ್ದು, ಮೇಜನ್ನು ಬಳಸಿ ಬಂದು, ಎದುರಿನ ಕುರ್ಚಿಯಲ್ಲಿ ಕೂತು ಹೇಳಿದರು: ಮಾಂಸ ತಪಾಸಕ. ಮತ್ತೆ ಎದ್ದು ಹಿಂದಕ್ಕೆ ಹೋದರು. ನಾಲ್ಕು ಪ್ರಶ್ನೆ ಆಗುವಷ್ಟರಲ್ಲಿ ಅವರಿಗೆ ಏದುಸಿರು. ಅಲ್ಲೇ ಕೂತು ಉತ್ತರ ಹೇಳಿ ಸಾರ್, ನಾನು ಬರೆದುಕೊಳ್ಳುತ್ತೇನೆ ಎಂದೆ. ನಾಳೆ ಯಾರಾದರೂ ಮಾತಾಡಿಕೊಳ್ಳಬಾರದಮ್ಮ, ತನಿಖಾಧಿಕಾರಿಯ ಕುರ್ಚಿಯಲ್ಲಿ ಆರೋಪಿಯನ್ನು ಕೂರಿಸಿದ್ದರು ಅಂತ, ಎಂದರು.

ದವಾಖಾನೆಗೆ ಹುಳು ತಂದವರಾರು ಎಂಬ ಪ್ರಶ್ನೆಗೆ, ಒಬ್ಬ ನಾಗರಿಕರ ಪರವಾಗಿ ತಂದೆ ಎಂದು ಡಾಕ್ಟರಿಗೆ ಹೇಳಿದ್ದು ಸುಳ್ಳು, ಆ ನಾಗರಿಕ ನಾನೇ, ಎಂದು ಒಪ್ಪಿಕೊಂಡರು. ಮಾಂಸ ಎಲ್ಲಿ ತಿನ್ನುತ್ತೀರಿ? ಮನೆಯಲ್ಲಿ. ಹೇಗೆ ಬೇಯಿಸುತ್ತಾರೆ? ಎರಡು ಗಂಟೆ, ಮುಚ್ಚಳ ಮುಚ್ಚಿ, ಒಂದು ಎಳೆ ಕೆಂಪು ಉಳಿಯದ ಹಾಗೆ. ಆಮೇಲೆ ಮೇಜಿನ ಹಿಂದೆ ಹೋಗಿ ಕೂತು, ಕನ್ನಡಕ ಸರಿಮಾಡಿಕೊಂಡು ಕೇಳಿದರು:

“ಮನೆ ಬಿಟ್ಟು ಬೇರೆಲ್ಲಾದರೂ ತಿಂದಿದ್ದೀರಾ?”

ಎದ್ದು ಈಚೆ ಬಂದು ಕೂತರು. ನಾನು ಪೆನ್ನು ಹಿಡಿದು ಕಾದೆ. ಹೊರಗೆ ಯಾರೋ ಜನನ ಪ್ರಮಾಣಪತ್ರಕ್ಕೆ ಜಗಳ ಮಾಡುತ್ತಿದ್ದರು, ಆ ಜಗಳ ಶುರುವಾಗಿ ಮುಗಿಯಿತು, ಸಾಹೇಬರು ಬಾಯಿ ಬಿಡಲಿಲ್ಲ. ಕೊನೆಗೆ ಎದ್ದು, ಮೇಜಿನ ಹಿಂದಕ್ಕೆ ಹೋಗಿ ಕೂತು, ಖಾಲಿ ಕುರ್ಚಿಯನ್ನು ದಿಟ್ಟಿಸಿ, ಪ್ರಶ್ನೆಗೆ ಉತ್ತರ ಬೇಕು ಎಂದು ಗಡುಸಾಗಿ ಹೇಳಿದರು. ಮತ್ತೆ ಈಚೆ ಬಂದಾಗ ಅವರ ಸ್ವರ ಸಣ್ಣದಾಗಿತ್ತು.

“ತಮ್ಮನ ಮನೆಯಲ್ಲಿ. ಪ್ರತಿ ಬುಧವಾರ ಮಧ್ಯಾಹ್ನ. ಆರು ವರ್ಷದಿಂದ. ಬರಕೊಳ್ಳಮ್ಮ.”

ಇದು ಎಂಥ ಉತ್ತರ ಎಂದು ತಿಳಿಯಬೇಕಾದರೆ ಅವರ ಮನೆಯ ಹಳೇ ಕಥೆ ಗೊತ್ತಿರಬೇಕು. ಸಾಹೇಬರ ತಮ್ಮ ಗಡಿಯಾರ ರಿಪೇರಿ ಮಾಡುವವರು, ಮದುವೆಯಾಗದೆ ಉಳಿದವರು. ಹದಿನೆಂಟು ವರ್ಷದ ಹಿಂದೆ ಅಣ್ಣನ ಮನೆಗೆ ಊಟಕ್ಕೆ ಬಂದಾಗ ತಟ್ಟೆಯಲ್ಲಿದ್ದ ಮಾಂಸದ ತುಂಡನ್ನು ಬಹಳ ಹೊತ್ತು ಅಗಿದು, ಆಚೆ ತೆಗೆದಿಟ್ಟು, ಅತ್ತಿಗೆ, ಇದನ್ನು ತಟ್ಟೆಗೆ ಯಾಕೆ ಹಾಕಿದಿರಿ, ಕಾಲಿಗೆ ಹಾಕಿಕೊಂಡೇ ಮನೆಗೆ ಹೋಗಬಹುದಿತ್ತಲ್ಲ ಎಂದರು. ನಕ್ಕರು. ಸಾಹೇಬರೂ ತುಟಿಯಂಚಿನಲ್ಲಿ ನಕ್ಕರು. ಹೆಂಡತಿ ಇಬ್ಬರನ್ನೂ ನೋಡಿದರು. ಗಂಡನ ನಗುವನ್ನು ಹೇಗೋ ನುಂಗಿಕೊಂಡರು, ಮೈದುನನನ್ನು ಮಾತ್ರ ಆವತ್ತಿನಿಂದ ಹೊಸಿಲು ತುಳಿಯಗೊಡಲಿಲ್ಲ. ಆ ಮನೆಗೆ ನೀವೂ ಹೋಗಕೂಡದು ಎಂದರು. ಹೋಗುವುದಿಲ್ಲ ಎಂದು ಸಾಹೇಬರು ಮಾತು ಕೊಟ್ಟರು, ಹನ್ನೆರಡು ವರ್ಷ ನಡೆಸಿಕೊಂಡೂ ಬಂದರು. ಒಂದು ಬುಧವಾರ ಅವರ ಕೈಗಡಿಯಾರ ನಿಂತುಹೋಯಿತು. ಆ ದಿನ ತೆರೆದಿದ್ದ ರಿಪೇರಿ ಅಂಗಡಿ ತಮ್ಮನದೊಂದೇ. ಒಳಗಿನಿಂದ ಬಾಣಲೆಯ ಮೇಲೆ ಮಾಂಸ ಚುರುಗುಟ್ಟುವ ಸದ್ದು ಬರುತ್ತಿತ್ತು.

ತನಿಖೆಯ ಮುಂದಿನ ಹೆಜ್ಜೆ, ರೋಗಿಯ ಜೊತೆ ಊಟ ಮಾಡುವ ಮನೆಮಂದಿಗೆಲ್ಲ ನೋಟೀಸು. ಮಾಂಸ ಎಲ್ಲಿಂದ, ಎಷ್ಟು ಹೊತ್ತು ಬೇಯಿಸುತ್ತೀರಿ, ಹೊಟ್ಟೆಯ ತೊಂದರೆ ಇದೆಯೇ, ಏಳು ದಿನದಲ್ಲಿ ಉತ್ತರಿಸುವುದು. ನೋಟೀಸಿನಲ್ಲಿ ‘ಸೋಂಕು ತಗುಲಿದ ಶಂಕಿತ ಸ್ಥಳ’ ಎಂದು ಒಂದು ಕಾಲಮ್ಮು. ಸಾಹೇಬರು ಅದರಲ್ಲಿ ತಮ್ಮನ ವಿಳಾಸ ಬರೆದು, ಕೆಳಗೆ ಸಹಿ ಮಾಡಿ, ಮುದ್ರೆ ಹಾಕಿ, ಲಕೋಟೆಯ ಮೇಲೆ ತಮ್ಮದೇ ಮನೆಯ ವಿಳಾಸ ಬರೆದು ನನ್ನ ಕೈಗಿತ್ತರು.

ನನಗೆ ತಡೆಯಲಾಗಲಿಲ್ಲ. ಇದನ್ನು ಕಳಿಸಬೇಡಿ ಸಾರ್, ಇವತ್ತೇ ಮನೆಗೆ ಹೋಗಿ ಬಾಯಲ್ಲಿ ಹೇಳಿಬಿಡಿ ಎಂದೆ.

“ಬಾಯಲ್ಲಿ ಹೇಳೋಕೆ ಬರೋ ಹಾಗಿದ್ದರೆ ಆರು ವರ್ಷದಲ್ಲಿ ಯಾವತ್ತೋ ಹೇಳ್ತಿದ್ದೆ,” ಎಂದರು. “ನಂಬರು ಹಾಕಮ್ಮ.”

ಹಾಕಿದೆ. ಅಂಚೆ ತಲುಪಿದ್ದು ಮೂರನೇ ದಿನ ಮಧ್ಯಾಹ್ನ, ಸರಿಯಾಗಿ ಸಾಹೇಬರು ಊಟಕ್ಕೆ ಕೂತಾಗ. ಹೆಂಡತಿ ಬಾಗಿಲಲ್ಲಿ ನಿಂತು ಸಹಿ ಮಾಡಿ, ಲಕೋಟೆ ಒಡೆದು ಓದಿದರು. ಒಮ್ಮೆ ಓದಿ, ತಲೆಯೆತ್ತಿ ಗಂಡನ ಕಡೆ ನೋಡಿ, ಮತ್ತೊಮ್ಮೆ ಓದಿದರು. ಮಡಿಚಿ ಸೂಜಿಡಬ್ಬಿಯ ಕೆಳಗಿಟ್ಟರು. ಗಂಡನಿಗೆ ಇನ್ನೊಂದು ಸೌಟು ಸಾರು ಬಡಿಸಿ ಮಿಷಿನ್ನಿನ ಮುಂದೆ ಹೋಗಿ ಕೂತರು. ಅದಾದ ಮೇಲೆ ನಾಲ್ಕು ದಿನ ಆ ಮನೆಯಲ್ಲಿ ಮಿಷಿನ್ನಿನ ಸದ್ದೊಂದೇ.

ಐದನೇ ದಿನ ನನ್ನ ಟ್ರೇಗೆ ಒಂದು ಲಕೋಟೆ ಬಂತು. ವಿಳಾಸ: ಮಾಂಸ ತಪಾಸಕರು, ಆರೋಗ್ಯ ವಿಭಾಗ. ನಂಬರು ಹಾಕಿ ಕೊಟ್ಟೆ. ಸಾಕ್ಷಿಯ ಎದುರಿನಲ್ಲೇ ಓದಿ ದಾಖಲಿಸಬೇಕಾದ್ದರಿಂದ ಕಡತಗಳ ಕೋಣೆಯಲ್ಲಿ ಕೂತು, ಸ್ವರ ತೆಗೆದು ಓದತೊಡಗಿದರು.

‘ಮಾಂಸ ತಪಾಸಕರಿಗೆ. ನಿಮ್ಮ ನೋಟೀಸು ತಲುಪಿದೆ. ನಮ್ಮ ಮನೆಗೆ ಮಾಂಸ ಬರುವುದು ಮಾರುಕಟ್ಟೆಯ ಎರಡನೇ ಅಂಗಡಿಯಿಂದ, ಅದರ ಮೇಲೆ ನಿಮ್ಮ ಮುದ್ರೆ ಇರುತ್ತದೆ. ಎರಡು ಗಂಟೆ ಬೇಯಿಸುತ್ತೇನೆ. ಮದುವೆಯಾದ ಮೊದಲ ವಾರ ನನ್ನ ಗಂಡ, ಕೆಂಪು ಕಾಣಬಾರದು, ಅದರಲ್ಲಿ ಏನಿರುತ್ತದೆಂದು ನಿನಗೆ ಗೊತ್ತಿಲ್ಲ ಎಂದಿದ್ದರು. ಅವರ ಕೆಲಸವೇ ಅದಾದ್ದರಿಂದ ನಂಬಿದೆ. ನನ್ನ ತವರಿನಲ್ಲಿ ಮುಕ್ಕಾಲು ಗಂಟೆ ಬೇಯಿಸುತ್ತಿದ್ದರು. ಕೆಂಪು ಇರುತ್ತಿರಲಿಲ್ಲ, ಮೆತ್ತಗೂ ಇರುತ್ತಿತ್ತು. ನನಗೂ ಅದೇ ಇಷ್ಟ. ಇಪ್ಪತ್ತೆರಡು ವರ್ಷದಿಂದ ಈ ಮನೆಯಲ್ಲಿ ಚಪ್ಪಲಿ ತಿಂದವರು ಇಬ್ಬರು, ಒಬ್ಬರಲ್ಲ. ನನಗೆ ಹೊಟ್ಟೆಯ ತೊಂದರೆ ಇಲ್ಲ. ಸಂಬಂಧಪಟ್ಟವರು ಸ್ಥಳ ತನಿಖೆಯ ವೇಳೆ ಹಾಜರಿರಬಹುದು ಎಂದು ನೋಟೀಸಿನ ಕೊನೆಯಲ್ಲಿದೆ. ಬರುತ್ತೇನೆ.’

ಕೊನೆಯಲ್ಲಿ ‘ಇತಿ ತಮ್ಮ ವಿಶ್ವಾಸಿ’ ಎಂದು ಬರೆದು, ಅದರ ಮೇಲೆ ಒಂದು ಗೆರೆ ಎಳೆದು, ಬರೀ ಸಹಿ ಮಾಡಿದ್ದರು. ಸಾಹೇಬರು ‘ಇಬ್ಬರು’ ಎಂಬಲ್ಲಿಗೆ ಬಂದು, ಓದುವುದನ್ನು ನಿಲ್ಲಿಸಿ ಕಿಟಕಿಯ ಕಡೆ ತಿರುಗಿದರು. ಉಳಿದದ್ದನ್ನು ನಾನೇ ಓದಿ ನಾನೇ ದಾಖಲಿಸಿಕೊಂಡೆ.

ಸ್ಥಳ ತನಿಖೆ ಮುಂದಿನ ಬುಧವಾರ ಮಧ್ಯಾಹ್ನಕ್ಕೆ ನಿಗದಿಯಾಯಿತು. ಸಾಹೇಬರೂ ನಾನೂ ಕಚೇರಿಯಿಂದ ಹೋದೆವು. ಹೆಂಡತಿ ಬೇರೆ ದಾರಿಯಲ್ಲಿ ಬಂದು, ಅಂಗಡಿಯ ಎದುರಿನ ವಿದ್ಯುತ್ ಕಂಬದ ಕೆಳಗೆ, ಕೊರಳಿಗೆ ಅಳತೆಯ ಟೇಪು ತಗುಲಿಸಿಕೊಂಡೇ ನಿಂತಿದ್ದರು. ಅವಸರಕ್ಕೆ ತೆಗೆಯುವುದನ್ನೇ ಮರೆತಿದ್ದರು.

ತಮ್ಮನ ಅಂಗಡಿ ಎಂದರೆ ಬಾಗಿಲಿನಷ್ಟೇ ಅಗಲದ ಕೋಣೆ. ಮೂರು ಗೋಡೆಗೂ ಗಡಿಯಾರ, ಒಂದೂ ಇನ್ನೊಂದರ ಹೊತ್ತು ತೋರಿಸುವುದಿಲ್ಲ. ಹಿಂದೆ ಅಡುಗೆಮನೆ. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನೂ ತೆಗೆಯದೆ ತಮ್ಮ ಎದ್ದು ಬಂದರು. ಅವರಿಗೂ ನೋಟೀಸು ಹೋಗಿತ್ತು. ಅಣ್ಣನ ಮುಖ ನೋಡಲಿಲ್ಲ, ನಾನು ಯಾರೆಂದು ಕೇಳಲಿಲ್ಲ. ನೇರವಾಗಿ ಅತ್ತಿಗೆಯ ಮುಂದೆ ನಿಂತು, ಒಂದು ಕಣ್ಣು ಸಣ್ಣದು ಒಂದು ಕಣ್ಣು ದೊಡ್ಡದಾಗಿ, ಮುಖವೆಲ್ಲ ಅರಳಿಸಿಕೊಂಡು ಕೇಳಿದರು:

“ಬಂದಿರಲ್ಲ ಅತ್ತಿಗೆ. ಡಬ್ಬಿ ಹಿಡಿಸ್ತಾ ಇದೆಯಾ? ಹೋದ ಸಲ ಉಪ್ಪು ಸ್ವಲ್ಪ ಜಾಸ್ತಿ ಆಗಿತ್ತು.”

“ಯಾವ ಡಬ್ಬಿ?” ಎಂದರು ಹೆಂಡತಿ.

ಸಾಹೇಬರು ನನ್ನ ಕೈಲಿದ್ದ ನಮೂನೆಯತ್ತ ನೋಡುತ್ತ, ಅಡುಗೆಮನೆಯ ಉದ್ದಗಲ ಬರೆದುಕೊಂಡೆಯಾ ಅಂತ ಕೇಳಿದರು. ಯಾರೂ ಅವರ ಕಡೆ ತಿರುಗಲಿಲ್ಲ.

ತಮ್ಮ ವಿವರವಾಗಿ ಹೇಳಿದರು. ಆರು ವರ್ಷದ ಹಿಂದೆ ಅಣ್ಣ ಮೊದಲ ಸಲ ಬಂದಾಗಲೇ, ಆವತ್ತು ಆಡಿದ ಮಾತಿಗೆ ತನಗೆ ಬಹಳ ಪಶ್ಚಾತ್ತಾಪವಿದೆ ಎಂದು ಅತ್ತಿಗೆಗೆ ಹೇಳಲು ಹೇಳಿದ್ದರು. ಬರಿಗೈಲಿ ಹೇಗೆ ಕಳಿಸುವುದೆಂದು ಒಂದು ಸ್ಟೀಲ್ ಡಬ್ಬಿಯಲ್ಲಿ ಹುರಿದ ಮಾಂಸ ಕೊಟ್ಟರು. ಮುಂದಿನ ಬುಧವಾರ ಡಬ್ಬಿ ತೊಳೆದು ವಾಪಸು ಬಂತು, ಚೆನ್ನಾಗಿತ್ತಂತೆ ಎಂಬ ಮಾತೂ ಬಂತು. ಆಮೇಲೆ ಪ್ರತಿ ಬುಧವಾರ ಡಬ್ಬಿ. ಅತ್ತಿಗೆ ಒಮ್ಮೆ ಮೆಣಸು ಕಡಿಮೆ ಮಾಡಿ ಎಂದರಂತೆ, ಕಡಿಮೆ ಮಾಡಿದ್ದರು. ಒಮ್ಮೆ ಎರಡು ತುಂಡು ಜಾಸ್ತಿ ಹಾಕಿ ಎಂದರಂತೆ, ಹಾಕಿದ್ದರು. ಬಂದು ಹೋಗಿ ಅಂತ ಮಾತ್ರ ಅತ್ತಿಗೆ ಯಾಕೋ ಹೇಳಿ ಕಳಿಸಲಿಲ್ಲ, ಕೋಪ ಪೂರ್ತಿ ಇಳಿಯಲಿ ಎಂದು ತಾವೂ ಕಾಯುತ್ತಿದ್ದರು.

“ಆ ಡಬ್ಬಿ ಎಲ್ಲಿಗೆ ಹೋಗ್ತಿತ್ತು?” ಎಂದು ಹೆಂಡತಿ ಗಂಡನನ್ನು ಕೇಳಿದರು. ಐದಾರು ದಿನದ ಮೇಲೆ ಆಡಿದ ಮೊದಲ ಮಾತು ಅದು.

ಸಾಹೇಬರು ಸುತ್ತ ನೋಡಿದರು. ಎದ್ದು ಹೋಗಿ ಕೂರಲು ಇನ್ನೊಂದು ಕುರ್ಚಿ ಅಲ್ಲಿರಲಿಲ್ಲ. ನೀರಿನ ಟ್ಯಾಂಕಿನ ಹಿಂದಿನ ಕಲ್ಲುಬೆಂಚಿಗೆ, ಎಂದರು. ಅಲ್ಲಿ ಕೂತು ತಾವೇ ತಿಂದು, ಕಸಾಯಿಖಾನೆಯ ನಲ್ಲಿಯಲ್ಲಿ ಡಬ್ಬಿ ತೊಳೆಯುತ್ತಿದ್ದರು. ಮನೆಗೆ ತರುವ ಧೈರ್ಯವಿರಲಿಲ್ಲ, ಬಿಸಾಡಲು ಮನಸ್ಸು ಬರಲಿಲ್ಲ. ಎರಡು ತುಂಡು ಜಾಸ್ತಿ ಕೇಳಿದ್ದೂ ತಾವೇ. ಇದನ್ನೆಲ್ಲ ಬರೆದುಕೊಳ್ಳಲೇ ಎಂದು ನಾನು ಕಣ್ಣಲ್ಲೇ ಕೇಳಿದೆ. ಬರಕೋ ಎಂದು ಹೆಂಡತಿಯೇ ಹೇಳಿದರು.

ತನಿಖೆ ನಿಲ್ಲುವಂತಿರಲಿಲ್ಲ. ಎಂದಿನಂತೆ ಬೇಯಿಸಿ ತೋರಿಸಿ ಎಂದು ಸಾಹೇಬರು ನೆಲ ನೋಡುತ್ತ ಆದೇಶಿಸಿದರು. ಮೈದುನ ಎರಡು ಬೆರಳು ದಪ್ಪದ ತುಂಡಿಗೆ ಉಪ್ಪು, ಮೆಣಸು ಸವರಿ, ಬಾಣಲೆ ಕಾಯಿಸಿ, ಜೇಬಿನಿಂದ ಓಟದ ಸ್ಪರ್ಧೆಗೆ ಬಳಸುವಂಥ ಗಡಿಯಾರ ತೆಗೆದು ಗುಂಡಿ ಒತ್ತಿದರು. ಒಂದು ಬದಿಗೆ ಎರಡು ನಿಮಿಷ, ಇನ್ನೊಂದು ಬದಿಗೆ ಎರಡು ನಿಮಿಷ. ಒಂದು ಕ್ಷಣ ಆಚೀಚೆ ಇಲ್ಲ. ತನ್ನ ಗಡಿಯಾರ ತಪ್ಪುವುದಿಲ್ಲ, ಆದ್ದರಿಂದ ತನ್ನ ಅಡುಗೆಯೂ ತಪ್ಪುವುದಿಲ್ಲ ಎಂಬುದು ಅವರ ನಂಬಿಕೆ. ಬೆಂದದ್ದನ್ನು ಹಲಗೆಯ ಮೇಲಿಟ್ಟು ಸಾಹೇಬರ ಮುಂದೆ ತಳ್ಳಿದರು. ಸಾಹೇಬರು ಚೀಲದಿಂದ ತಮ್ಮ ತಪಾಸಣೆಯ ಚಾಕು ತೆಗೆದು ನಡುವೆ ಗೀರಿದರು. ಹೊರಗೆ ಒಂದು ತೆಳು ಪದರ ಕಂದು, ಒಳಗೆಲ್ಲ ಕೆಂಪು. ಮುಟ್ಟಿ ನೋಡಿದರೆ ನಡುಭಾಗ ನಮ್ಮ ಮೈಯಷ್ಟೂ ಬಿಸಿ ಇರಲಿಲ್ಲ.

ಹೆಂಡತಿ ಬಗ್ಗಿ ನೋಡಿದರು. ಗಡಿಯಾರ ಬಾಣಲೆಯ ಹೊರಗಡೆ ಇದೆ, ಮಾಂಸದ ಒಳಗಡೆ ಏನಾಗುತ್ತಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು ಎಂದು ಮೈದುನನನ್ನು ಕೇಳಿದರು. ದಪ್ಪ ಬಟ್ಟೆಗೆ ಮೇಲಿನಿಂದ ಇಸ್ತ್ರಿ ಎಳೆದರೆ ಒಳಪದರದ ಸುಕ್ಕು ಹೋಗುತ್ತದೆಯೇ, ಹಾಗೆಯೇ ಇದು ಎಂದರು. ತಮ್ಮ ತಲೆದೂಗಿ, ಇಷ್ಟು ವರ್ಷ ಇದನ್ನು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ ಎಂದು ಅಣ್ಣನ ಕಡೆ ನೋಡಿದರು. ಪ್ರತಿ ಬುಧವಾರ ಎದುರಿಗೇ ಕೂತು ತಿಂದ ಮಾಂಸ ತಪಾಸಕರು ಒಂದು ಮಾತು ಹೇಳಬಹುದಿತ್ತಲ್ಲ ಎಂದು ಹೆಂಡತಿಯೂ ಅದೇ ಕಡೆ ನೋಡಿದರು.

ಸಾಹೇಬರು ಚಾಕು ಒರೆಸಿ ಚೀಲಕ್ಕೆ ಹಾಕಿ ಹೇಳಿದರು. ಮೊದಲ ದಿನವೇ ಕೆಂಪು ಕಂಡಿತ್ತು. ಹೇಳಿದರೆ ತಮ್ಮ ಬೇಸರ ಮಾಡಿಕೊಳ್ಳುತ್ತಾನೆ, ಮತ್ತೆ ಹನ್ನೆರಡು ವರ್ಷ ಕಳೆಯಬೇಕಾಗುತ್ತದೆ ಅಂತ ಹೆದರಿಕೆ. ಅದರ ಮೇಲೆ ತಾನೇ ಮುದ್ರೆ ಹಾಕಿದ ಮಾಂಸ ಎಂಬ ಧೈರ್ಯ. “ನನ್ನ ಸೀಲನ್ನ ನಾನೇ ನಂಬಿಬಿಟ್ಟೆ,” ಎಂದರು. ಚಾಕು ಗೀರಿದ ಕಡೆ ಮಾತ್ರ ಕಾಣುತ್ತದೆ, ಗೀರದೆ ಬಿಟ್ಟ ಕಡೆ ಏನಿದೆಯೋ ಯಾರು ಬಲ್ಲರು, ಅದಕ್ಕೇ ಚೆನ್ನಾಗಿ ಬೇಯಿಸಿ ತಿನ್ನಿ ಅಂತ ಊರಿಗೆಲ್ಲ ಹೇಳುವವನೂ ತಾನೇ ಎಂದರು. ಅಷ್ಟರಲ್ಲಿ ಗೋಡೆಯ ಮೇಲಿನ ಯಾವುದೋ ಗಡಿಯಾರ ಒಂಬತ್ತು ಹೊಡೆಯಿತು. ಆಗ ಸಮಯ ಒಂದೂಕಾಲು.

ಮಾತ್ರೆ ಎಲ್ಲಿ ಎಂದು ಹೆಂಡತಿ ಕೇಳಿದ್ದು ಆಮೇಲೆ. ಸಾಹೇಬರು ಜೇಬು ಮುಟ್ಟಿಕೊಂಡು, ತನಿಖೆ ಮುಗಿಯುವ ತನಕ ಸಾಕ್ಷ್ಯ ನಾಶ ಮಾಡುವ ಹಾಗಿಲ್ಲ ಎಂದು ವಿವರಿಸಿದರು. ಹನ್ನೊಂದು ದಿನದಿಂದ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಕೈಯ ಊಟ ಹಾಕಿ ಸಾಕುತ್ತಿದ್ದೀರಾ ಎಂದರು ಹೆಂಡತಿ. ಮೈದುನ ಲೋಟದಲ್ಲಿ ನೀರು ತಂದರು. ಅತ್ತಿಗೆ ಮೈದುನ ಇಬ್ಬರೂ ಎಡಬಲಕ್ಕೆ ನಿಂತರು. ಸಾಹೇಬರು ನನ್ನ ಕಡೆ ನೋಡಿದರು. ಸ್ಥಳ ತನಿಖೆ ಮುಗಿಯಿತು ಸಾರ್ ಎಂದು ನಾನು ಪುಸ್ತಕ ಮುಚ್ಚಿದೆ. ಅವರು ನುಂಗಿದರು.

ಮರುದಿನ ಸಾಹೇಬರಿಗೆ ರಜೆ. ತಲೆ ಹೊರಬಿದ್ದಿದೆಯೋ ಇಲ್ಲವೋ ನೋಡಬೇಕು, ತಲೆ ಉಳಿದರೆ ಮತ್ತೆ ಬೆಳೆಯುತ್ತದೆ, ಆದ್ದರಿಂದ ಬಂದದ್ದನ್ನೆಲ್ಲ ಬಕೆಟ್ಟಿನಲ್ಲಿ ಹಿಡಿದು ತರುವುದು ಎಂದು ಡಾಕ್ಟರಮ್ಮ ಹೇಳಿದ್ದರು. ಹೆಂಡತಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೈಗವಸು ಹಾಕಿಕೊಂಡು, ತುಂಡುಗಳನ್ನು ಹಳೇ ಪ್ಲಾಸ್ಟಿಕ್ ಹಾಳೆಯ ಮೇಲೆ ಸಾಲಾಗಿ ಜೋಡಿಸಿ ಅಳೆದರು. ನಾಲ್ಕು ಮೀಟರು ಇಪ್ಪತ್ತು. ಎರಡು ಪಾಯಿಜಾಮಕ್ಕೆ ಪೋಣಿಸಿ ಮೇಲೆ ಒಂದು ಲಂಗಕ್ಕೂ ಆಗುತ್ತಿತ್ತು ಎಂದು ನನಗೆ ಹೇಳಿದರು. ಆ ಟೇಪನ್ನು ಬಿಸಾಡಿ ಹೊಸದು ಕೊಂಡರು.

ತಮ್ಮನಿಗೂ ಇತ್ತು. ಪರೀಕ್ಷೆಯಲ್ಲಿ ತಿಳಿದಾಗ ಅವರು ಹೆದರಲಿಲ್ಲ, ಇತ್ತೀಚೆಗೆ ತಮಗೆ ಯಾಕೆ ಅಷ್ಟು ಹಸಿವು ಅಂತ ಗೊತ್ತಾಯಿತಲ್ಲ ಎಂದು ಸಮಾಧಾನಪಟ್ಟರು. ಅವರದ್ದು ಐದು ಮೀಟರು ದಾಟಿತ್ತು. ಅಣ್ಣನದ್ದು ಎಷ್ಟು ಎಂದು ದವಾಖಾನೆಯಲ್ಲಿ ಕೇಳಿ, ಉತ್ತರ ತಿಳಿದು, ಸ್ವಲ್ಪ ನೆಟ್ಟಗೆ ನಡೆದು ಹೊರಗೆ ಹೋದರಂತೆ. ತಲೆ ಇಬ್ಬರದ್ದೂ ಸಿಕ್ಕಿತು.

ವರದಿ ಬರೆಯಲು ಸಾಹೇಬರಿಗೆ ಒಂದು ವಾರ ಹಿಡಿಯಿತು. ಕಸಾಯಿಖಾನೆಯ ತಪಾಸಣೆ ನಿಯಮದಂತೆ ನಡೆದಿದೆ, ಆದರೆ ನಿಯಮದ ನಾಲ್ಕು ಗೀರು ಸಾಲದು. ಅಡುಗೆ ಮಾಡಿದವರಿಗೆ ತಿಳಿವಳಿಕೆ ಇರಲಿಲ್ಲ. ತಿಂದವರಿಗೆ ಇತ್ತು, ಆದ್ದರಿಂದ ತಪ್ಪು ತಿಂದವರದ್ದು. ಅವರಿಗೆ ಲಿಖಿತ ಎಚ್ಚರಿಕೆ ಕೊಡಲು ಶಿಫಾರಸು ಮಾಡಲಾಗಿದೆ. ಅಧಿಕಾರಿ ಒಪ್ಪಿ ಸಹಿ ಹಾಕಿದರು. ಎಚ್ಚರಿಕೆ ಪತ್ರ ಸಿದ್ಧಪಡಿಸಬೇಕಾದವರು ತನಿಖಾಧಿಕಾರಿಯಾದ್ದರಿಂದ ಸಾಹೇಬರೇ ಬರೆದರು. ಬಹಳ ಖಾರವಾಗಿ ಬರೆದರು, ಒಂದು ಸಾಲನ್ನಂತೂ ನಾನು ಬೇಡಿಕೊಂಡು ತೆಗೆಸಿದೆ. ಹೋಗುವ ಪುಸ್ತಕದಲ್ಲಿ ನಂಬರು ಹಾಕಿ, ಮೇಜು ಬಳಸಿ ಹೋಗಿ ಕೊಟ್ಟೆ, ಬರುವ ಪುಸ್ತಕದಲ್ಲಿ ನಂಬರು ಹಾಕಿದೆ. ಪಡೆದುಕೊಂಡೆ ಎಂದು ಅವರು ಸಹಿ ಮಾಡಿದರು.

ಈಗ ಬುಧವಾರಗಳಲ್ಲಿ ತಮ್ಮನೇ ಅಣ್ಣನ ಮನೆಗೆ ಊಟಕ್ಕೆ ಹೋಗುತ್ತಾರೆ. ಎಷ್ಟು ಹೊತ್ತು ಬೇಯಿಸಬೇಕು ಎಂದು ಅತ್ತಿಗೆಗೂ ಮೈದುನನಿಗೂ ಒಲೆಯ ಮುಂದೆ ನಿಂತು ವಾದ. ಮೊದಲ ವಾರ ಒಂದು ಗಂಟೆ, ಆಮೇಲೆ ಐವತ್ತು ನಿಮಿಷ, ಕೊನೆಗೆ ಮುಕ್ಕಾಲು ಗಂಟೆಗೆ ಬಂದು ನಿಂತಿದೆ. ತೆಳ್ಳಗೆ ಹೆಚ್ಚಬೇಕು, ನಡುವಿನ ತುಂಡನ್ನು ಸೀಳಿ ನೋಡಿ ಕೆಂಪಿಲ್ಲದಿದ್ದರೆ ಮಾತ್ರ ಇಳಿಸಬೇಕು ಎಂಬಲ್ಲಿ ಇಬ್ಬರದ್ದೂ ಒಂದೇ ಮಾತು. ಸಾಹೇಬರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ತಟ್ಟೆಗೆ ಬಿದ್ದದ್ದನ್ನು ತಿಂದು ಏಳುತ್ತಾರೆ.

ಕಸಾಯಿಖಾನೆಯಲ್ಲಿ ಈಗ ದವಡೆಗೆ ನಾಲ್ಕು ಗೀರು ಹಾಕುತ್ತಾರೆ, ಭುಜಕ್ಕೂ ಹಾಕುತ್ತಾರೆ. ಮಾಂಸದಂಗಡಿಯವರು ತುಂಡೆಲ್ಲ ಹಾಳು ಮಾಡುತ್ತಾರೆಂದು ದೂರು ಬರೆದರು, ಆ ದೂರಿಗೂ ನಂಬರು ಹಾಕಿದ್ದೇನೆ. ಎರಡು ತಿಂಗಳ ಮೇಲೆ ಒಂದು ಬೆಳಗ್ಗೆ ನಾಲ್ಕನೇ ಗೀರಿನಲ್ಲಿ ಆ ಅಕ್ಕಿಕಾಳು ಸಿಕ್ಕಿತು. ಮೊದಲ ಎರಡರಲ್ಲಿ ಏನೂ ಇರಲಿಲ್ಲ. ಇಡೀ ದನವನ್ನು ಬೇರೆ ಮಾಡಿಸಿ, ಸುಡಿಸಿ, ಮಧ್ಯಾಹ್ನ ಮನೆಗೆ ಹೋಗಿ ಹೆಂಡತಿಗೆ ಹೇಳಿದರು. ಇಪ್ಪತ್ತೆರಡು ವರ್ಷದಲ್ಲಿ ಕೆಲಸದ ವಿಷಯ ಮನೆಯಲ್ಲಿ ಮಾತಾಡಿದ್ದು ಅದೇ ಮೊದಲಂತೆ. ಅದು ನೋಡೋಕೆ ಹೇಗಿರುತ್ತೆ ಎಂದು ಹೆಂಡತಿ ಕೇಳಿದರು. ಸಾಹೇಬರು ಹೇಳಲು ಹೋಗಿ, ಮಾತು ಸಾಲದೆ, ಮಿಷಿನ್ನಿನ ಮೇಲಿದ್ದ ಗುರುತು ಹಾಕುವ ಸೀಮೆಸುಣ್ಣ ಎತ್ತಿಕೊಂಡು ಅಲ್ಲೇ ಹರಡಿದ್ದ ಯಾರದೋ ಕಿಟಕಿ ಪರದೆಯ ನೀಲಿ ಬಟ್ಟೆಯ ಮೇಲೆ ಬರೆದು ತೋರಿಸಿದರು. ಒಂದು ದವಡೆ, ಅದರಲ್ಲಿ ನಾಲ್ಕು ಗೆರೆ, ಕೊನೆಯ ಗೆರೆಯ ಮೇಲೆ ಒಂದು ಸಣ್ಣ ಚುಕ್ಕಿ.

ಹೆಂಡತಿ ಕನ್ನಡಕ ಏರಿಸಿಕೊಂಡು ಆ ಚುಕ್ಕಿಯನ್ನು ನೋಡಿದರು. “ಇಷ್ಟೇನಾ?” ಎಂದರು. ಇಷ್ಟೇ ಎಂದರು ಸಾಹೇಬರು. ಕತ್ತರಿಸಬೇಕಾದ ಬಟ್ಟೆ ಅದು, ಅವರು ಅದನ್ನು ಆವತ್ತು ಕತ್ತರಿಸಲಿಲ್ಲ.